ಜಾಕಿ ಮತ್ತು ಕಾಲ್ಗುಣ

ಹಬ್ಬಕ್ಕೆಂದು ನಮ್ಮ ತೌರಿನಲ್ಲಿ ನಾಲ್ಕು ಜನ ಸೇರಿದೆವೆಂದರೆ, ಸಂಜೆ ಕಾಫಿಯ ಹೊತ್ತಿಗೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ 1979ರ ಸಂಕ್ರಾಂತಿಗೆ ಬಂದು ನಿಲ್ಲುತ್ತದೆ. ಆ ವರ್ಷ ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇದೆ ಎನ್ನುವಾಗ ನಮ್ಮ ಚಿಕ್ಕಪ್ಪನ ಬಲಗೈ ಟ್ರೇಲರಿನ ಅಡಿಗೆ ಸಿಕ್ಕಿ ಜಜ್ಜಿಹೋಯಿತು. ಎರಡು ಬೆರಳು ಹೋದವು. ಉಳಿದ ಬೆರಳುಗಳು ಇದ್ದೂ ಇಲ್ಲದಂತಾದವು. ಚಿಕ್ಕಪ್ಪನಿಗೆ ಮದುವೆಯಾಗಿ ಆಗ ಬರೀ ಮೂರು ತಿಂಗಳು.

ಇಷ್ಟು ಹೇಳಿದರೆ ಮುಂದಿನದನ್ನು ನೀವೇ ಊಹಿಸಬಲ್ಲಿರಿ. ನಮ್ಮಜ್ಜಿ ಆಸ್ಪತ್ರೆಯ ಜಗಲಿಯಲ್ಲಿ ಕೂತು ಎದೆ ಬಡಿದುಕೊಂಡು ಅತ್ತಳು. ಅಳುವಿನ ಮಧ್ಯೆ, "ಇವ್ಳು ಹೊಸ್ಲು ತುಳಿದ ಗಳಿಗೇನೇ ಸರಿಯಿಲ್ಲ" ಎಂದಳು. ಅಲ್ಲಿದ್ದ ಹತ್ತು ಜನ ಹೆಂಗಸರು ತಲೆಯಾಡಿಸಿದರು. ಹತ್ತೊಂಬತ್ತು ವರ್ಷದ ನಮ್ಮ ಚಿಕ್ಕವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಕೈಯ ಹಸಿರು ಬಳೆ ಇನ್ನೂ ಹೊಸದಾಗಿತ್ತು. ನನಗಾಗ ಹನ್ನೊಂದು ವರ್ಷ. ಅವಳು ಅಳಲಿಲ್ಲ ಎಂಬುದು ನನಗೆ ಇವತ್ತಿಗೂ ನೆನಪಿದೆ. ಅಳದೆ ನಿಂತದ್ದೂ ಆಮೇಲೆ ಅವಳ ಮೇಲಿನ ಇನ್ನೊಂದು ದೂರಾಯಿತು.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ರಾಜರ ಹೆಸರು, ಯುದ್ಧದ ಇಸವಿ, ಒಪ್ಪಂದದ ಷರತ್ತುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಗಾಡಿಗೆ ಕೊಡುವ ಜಾಕಿಗೂ ಒಂದು ಇತಿಹಾಸ ಇದೆ, ಅದನ್ನು ತಿಳಿದರೆ ಒಬ್ಬ ಹೆಂಗಸಿನ ತಲೆಯ ಮೇಲಿನ ಅಪವಾದ ಇಳಿಯುತ್ತದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೊದಲು ನಮ್ಮ ಸೀಮೆಯ ಮಾತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದ ಮೇಲೆ ಮಂಡ್ಯದ ಕಡೆಯ ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಊರೂರಿಗೆ ಆಲೆಮನೆಗಳು ಬಂದವು. ಕಬ್ಬು ಬೆಳೆದವನಿಗೆ ಬೆಳೆಯುವುದಕ್ಕಿಂತ ಸಾಗಿಸುವುದೇ ದೊಡ್ಡ ಚಿಂತೆ. ಕಡಿದ ಕಬ್ಬು ದಿನ ಕಳೆದಂತೆ ಒಣಗುತ್ತದೆ, ತೂಕವೂ ಕಡಿಮೆ, ಸಿಹಿಯೂ ಕಡಿಮೆ. ಹಾಗಾಗಿ ಕಟಾವಿನ ಕಾಲದಲ್ಲಿ ಗಾಡಿ ನಿಂತರೆ ರೈತನ ಎದೆಯೇ ನಿಂತಂತೆ.

ನಮ್ಮಜ್ಜನ ಕಾಲದ್ದು ಮರದ ಗಾಡಿ. ಚಕ್ರದ ಸುತ್ತ ಕಬ್ಬಿಣದ ಹಳಿ. ಅದಕ್ಕೆ ಪಂಕ್ಚರ್ ಎಂಬುದೇ ಇಲ್ಲ. ಕೀಲೆಣ್ಣೆ ಹಾಕುವ ದಿನ ಮಾತ್ರ ಗಾಡಿಯನ್ನು ಎತ್ತಬೇಕು. ಎತ್ತು ಬಿಚ್ಚಿ, ಮೂಕಿಗೆ ಊರುಗೋಲು ಕೊಟ್ಟು, ಇಬ್ಬರು ಗಟ್ಟಿ ಆಳುಗಳು ಹೆಗಲು ಕೊಟ್ಟರೆ ಚಕ್ರ ಗೇಣುದ್ದ ಮೇಲೇಳುತ್ತಿತ್ತು. ಮೂರನೆಯವನು ತಕ್ಷಣ ಅಚ್ಚಿನ ಕೆಳಗೆ ಒಂದು ದಪ್ಪ ಕೊರಡು ನೂಕುತ್ತಿದ್ದ. ಆಮೇಲೇ ಕಡಾಣಿ ತೆಗೆಯುವುದು. ಈ ಕೊರಡಿನ ಮಾತನ್ನು ನೆನಪಿಡಿ. ನಮ್ಮ ಮನೆಯವರು ಮರೆತದ್ದು ಅದನ್ನೇ.

ರಬ್ಬರಿನ ಚಕ್ರದ ಕಥೆ ದೂರದ್ದು. ಕಾಯಿಸಿದ ರಬ್ಬರಿಗೆ ಗಂಧಕ ಸೇರಿಸಿದರೆ ಅದು ಬಿಸಿಲಿಗೆ ಅಂಟದೆ, ಚಳಿಗೆ ಒಡೆಯದೆ ಬಾಳುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಆ ರಬ್ಬರಿನೊಳಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಬಹುದು ಎಂದು 1845ರಲ್ಲೇ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಪೇಟೆಂಟ್ ಪಡೆದ. ಆದರೆ ಜನ ಅದನ್ನು ಮರೆತೇಬಿಟ್ಟರು. ನಲವತ್ತು ಚಿಲ್ಲರೆ ವರ್ಷಗಳ ನಂತರ ಬೆಲ್‌ಫಾಸ್ಟ್ ಊರಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್, ತನ್ನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕುವುದನ್ನು ನೋಡಲಾರದೆ ಅದೇ ಉಪಾಯವನ್ನು ಹೊಸದಾಗಿ ಹೂಡಿದ. 1888ರಲ್ಲಿ ಅವನಿಗೂ ಪೇಟೆಂಟ್ ಸಿಕ್ಕಿತು. ಥಾಮ್ಸನ್‌ನ ಹಳೆಯ ಪೇಟೆಂಟ್ ಬೆಳಕಿಗೆ ಬಂದ ಮೇಲೆ ಅದು ಬಿದ್ದೂ ಹೋಯಿತು. ಹೆಸರು ಮಾತ್ರ ಡನ್‌ಲಪ್‌ನದೇ ಉಳಿಯಿತು. ಮಗುವಿನ ಸುಖಕ್ಕೆಂದು ಅಪ್ಪ ಮಾಡಿದ ಈ ಗಾಳಿಯ ಚಕ್ರ ಕಾರು, ಲಾರಿ, ಎತ್ತಿನ ಗಾಡಿ, ಟ್ರೇಲರುಗಳವರೆಗೂ ಬಂದು ಮುಟ್ಟಿತು. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯನ್ನೂ ಸುಧಾರಿಸಬೇಕು, ಎತ್ತುಗಳ ಕತ್ತಿನ ನೋವು ತಗ್ಗಿಸಬೇಕು ಎಂದು ಪಟ್ಟು ಹಿಡಿದು ದುಡಿದವರು. ನಮ್ಮೂರಿನಲ್ಲಿ 'ಟೈರ್ ಗಾಡಿ' ಬಂದಾಗ ಎತ್ತುಗಳಿಗೆ ಎಷ್ಟು ಹಗುರವಾಯಿತೆಂದು ಅಪ್ಪ ಹೇಳುತ್ತಿದ್ದರು.

ಆದರೆ ಗಾಳಿ ತುಂಬಿದ ಮೇಲೆ ಗಾಳಿ ಹೋಗುವುದೂ ಇದ್ದದ್ದೇ. ಅಲ್ಲಿಂದ ಪಂಕ್ಚರಿನ ಯುಗ ಶುರುವಾಯಿತು. ಮೊದಮೊದಲು ಕಾರುಗಳಿಗೆ ಬದಲಿ ಚಕ್ರ ಇರಲಿಲ್ಲ. ದಾರಿಯಲ್ಲೇ ಕೂತು ಟೈರು ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಗಾಳಿ ಹೊಡೆದು ಮುಂದೆ ಹೋಗಬೇಕು. 1904ರಲ್ಲಿ ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನಲ್ಲಿ ಡೇವೀಸ್ ಮನೆತನದವರು ಗಾಳಿ ತುಂಬಿದ ಒಂದು ಬದಲಿ ಬಳೆಯನ್ನು ಮಾಡಿ, ಕೆಟ್ಟ ಚಕ್ರದ ಪಕ್ಕಕ್ಕೇ ಅದನ್ನು ಬಿಗಿಯುವ ಉಪಾಯ ಕಂಡುಹಿಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಬೀದಿಯ ಹೆಸರೇ ಆ ಚಕ್ರಕ್ಕೂ ಬಂತು. ಇಂಗ್ಲೆಂಡಿನವರು ಈ ಹೆಸರನ್ನು ಹೆಚ್ಚುಕಡಿಮೆ ಮರೆತಿದ್ದಾರೆ. ನಾವು ಬಿಟ್ಟಿಲ್ಲ. ಮಂಡ್ಯದ ಪಂಕ್ಚರ್ ಅಂಗಡಿಯ ಹುಡುಗನಿಗೆ ಸ್ಟೆಪ್ನಿ ಎಂದರೆ ಗೊತ್ತು, 'ಸ್ಪೇರ್ ವೀಲ್' ಎಂದರೆ ಅರೆಕ್ಷಣ ಯೋಚಿಸುತ್ತಾನೆ. ಇದೇ ಮಾತನ್ನು ಎರಡನೆಯ ಹೆಂಗಸಿಗೂ ಅಂಟಿಸಿ ಹಲ್ಲು ಕಿಸಿಯುವ ಗಂಡಸರನ್ನು ನೀವೂ ಕಂಡಿರುತ್ತೀರಿ. ಸಮಯಕ್ಕೆ ಆಗಿಬರುವ ವಸ್ತುವನ್ನೂ ಬೈಗುಳ ಮಾಡುವ ಜಾಣತನ ಅದು.

ಚಕ್ರ ಬದಲಿಸುವುದು ಗಂಡಸರ ಕೆಲಸ ಎಂದು ಯಾರು ಬರೆದಿಟ್ಟರೋ ಕಾಣೆ. 1909ರ ಜೂನ್ 9ರಂದು ಆಲಿಸ್ ರ‍್ಯಾಮ್ಸೆ ಎಂಬ ಇಪ್ಪತ್ತೆರಡು ವರ್ಷದ ಗೃಹಿಣಿ ನ್ಯೂಯಾರ್ಕಿನಿಂದ ಕಾರು ಹೊರಡಿಸಿದಳು. ಜೊತೆಗೆ ಇಬ್ಬರು ನಾದಿನಿಯರು ಮತ್ತು ಒಬ್ಬ ಗೆಳತಿ. ಆ ಮೂವರಲ್ಲಿ ಯಾರಿಗೂ ಕಾರು ಓಡಿಸಲು ಬರುತ್ತಿರಲಿಲ್ಲ. ಬಹುಪಾಲು ದಾರಿ ಮಣ್ಣಿನದು, ಕೆಸರಿನದು. ಸುಮಾರು 3,800 ಮೈಲಿ ದಾಟಿ, 59 ದಿನಗಳ ಮೇಲೆ ಆಗಸ್ಟ್ 7ರಂದು ಆಕೆ ಸ್ಯಾನ್‌ಫ್ರಾನ್ಸಿಸ್ಕೊ ತಲುಪಿದಳು. ದಾರಿಯಲ್ಲಿ ಹನ್ನೊಂದು ಸಲ ಟೈರು ಬದಲಾಯಿಸಿದಳು. ಬಹಳ ವರ್ಷಗಳ ನಂತರ, 1961ರಲ್ಲಿ, ಆಕೆ ಈ ಪ್ರವಾಸದ ಬಗ್ಗೆ ಪುಸ್ತಕ ಬರೆದಾಗ ಅದರ ಹೆಸರಿನಲ್ಲೇ ಮೂರು ವಸ್ತುಗಳನ್ನು ಇಟ್ಟಳು: ಮುಖದ ಮುಸುಕು, ಧೂಳು ತಡೆಯುವ ನಿಲುವಂಗಿ ಮತ್ತು ಟೈರು ಬಿಚ್ಚುವ ಕಬ್ಬಿಣ. ನಾದಿನಿಯರನ್ನು ಕೂರಿಸಿಕೊಂಡು ಹನ್ನೊಂದು ಪಂಕ್ಚರ್! ಎರಡರಲ್ಲಿ ಯಾವುದು ಕಷ್ಟವಾಗಿತ್ತೆಂದು ಆಕೆಯನ್ನು ಕೇಳಬೇಕೆನಿಸುತ್ತದೆ.

ಈಗ ಜಾಕಿಯ ಸರದಿ. ತಿರುಪು ತಿರುಗಿಸಿ ಭಾರ ಎತ್ತುವ ಸಾಧನದ ಚಿತ್ರ, ಫ್ರಾನ್ಸಿನ ವಿಲ್ಲಾರ್ ದ ಓನಕೂರ್ ಎಂಬವನ 13ನೆಯ ಶತಮಾನದ ಚಿತ್ರಪುಸ್ತಕದಲ್ಲೇ ಇದೆ. 18ನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ರೈತರು ದೊಡ್ಡ ಕುದುರೆ ಗಾಡಿಗಳಲ್ಲಿ ಸರಕು ಹೇರಿಕೊಂಡು ಹೋಗುವಾಗ ಮರ ಮತ್ತು ಕಬ್ಬಿಣದ ಜಾಕಿಯನ್ನು ಜೊತೆಗೇ ಒಯ್ಯುತ್ತಿದ್ದರು. ಅವರಿಗೂ ಅದು ಬೇಕಾಗುತ್ತಿದ್ದುದು ನಮ್ಮಜ್ಜನಂತೆ ಚಕ್ರ ಕಳಚಿ ಕೀಲೆಣ್ಣೆ ಹಾಕಲು. ತಿರುಪಿನ ಜಾಕಿಗೆ ಒಂದು ಒಳ್ಳೆಯ ಗುಣ ಇದೆ. ಎತ್ತಲು ರಟ್ಟೆ ನೋಯುತ್ತದೆ, ನಿಜ. ಆದರೆ ನೀವು ಕೈ ಬಿಟ್ಟರೂ ತಿರುಪಿನ ಹಲ್ಲುಗಳ ಘರ್ಷಣೆ ಭಾರವನ್ನು ಹಿಡಿದುಕೊಳ್ಳುತ್ತದೆ.

ಎಣ್ಣೆಯ ಜಾಕಿ ಹಾಗಲ್ಲ. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು 17ನೆಯ ಶತಮಾನದಲ್ಲಿ ಪ್ಯಾಸ್ಕಲ್ ವಿವರಿಸಿದ. 1795ರಲ್ಲಿ ಜೋಸೆಫ್ ಬ್ರಾಮಾ ಅದರ ಬಲದಿಂದ ಒತ್ತುಯಂತ್ರ ಮಾಡಿದ. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಡ್ಜನ್ ಅದನ್ನೇ ಹೊತ್ತೊಯ್ಯಬಹುದಾದ ಜಾಕಿಯಾಗಿಸಿ ಪೇಟೆಂಟ್ ಪಡೆದ. ಒಳಗೆ ಎರಡು ಕೊಳವೆ, ಒಂದು ಸಣ್ಣದು, ಒಂದು ದೊಡ್ಡದು. ದೊಡ್ಡದರ ಬಾಯಿಯ ವಿಸ್ತೀರ್ಣ ಸಣ್ಣದರ ಇಪ್ಪತ್ತರಷ್ಟಿದ್ದರೆ, ಸಣ್ಣದನ್ನು ಹತ್ತು ಕಿಲೋ ಬಲದಿಂದ ಒತ್ತಿದಾಗ ದೊಡ್ಡದು ಇನ್ನೂರು ಕಿಲೋ ಎತ್ತುತ್ತದೆ. ಮೇಲೆ ಉದ್ದನೆಯ ಹಿಡಿಯ ಸಹಾಯ ಬೇರೆ. ಹೀಗಾಗಿ ಹೆಣ್ಣುಮಗಳೂ ಒಂದು ಕೈಯಲ್ಲಿ ಟ್ರೇಲರ್ ಎತ್ತಬಲ್ಲಳು. ಆದರೆ ಅಷ್ಟು ಭಾರವನ್ನು ಮೇಲೆ ನಿಲ್ಲಿಸಿರುವುದು ಒಳಗಿನ ಎಣ್ಣೆ ಮತ್ತು ಅದು ಸೋರದಂತೆ ತಡೆದ ಒಂದು ವಾಷರು. ಮನೆಯ ನಲ್ಲಿಯ ವಾಷರು ಸವೆದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಜಾಕಿಯದು ಸವೆದರೆ ಹೊತ್ತ ಭಾರ ತಾನಾಗಿ ಕೆಳಗಿಳಿಯುತ್ತದೆ. ಜಾಕಿ ಇರುವುದು ಎತ್ತುವುದಕ್ಕೆ ಮಾತ್ರ. ಹೊತ್ತು ನಿಲ್ಲುವುದು ಬೇರೆಯದರ ಕೆಲಸ.

ಇಷ್ಟು ತಿಳಿದ ಮೇಲೆ ಆ ದಿನಕ್ಕೆ ಹಿಂತಿರುಗೋಣ.

ಆಲೆಮನೆಗೆ ಹೊರಟಿದ್ದ ಕಬ್ಬಿನ ಟ್ರೇಲರಿನ ಎಡಗಾಲಿ ನಾಲೆಯ ಏರಿಯ ಮೇಲೆ ಪಂಕ್ಚರ್ ಆಯಿತು. ನಮ್ಮದು ಎರಡು ಗಾಲಿಯ ಟ್ರೇಲರು. ಸ್ಟೆಪ್ನಿ ಇರಲಿಲ್ಲ. ಯಾರದೋ ಮನೆಯಿಂದ ಎಣ್ಣೆಯ ಜಾಕಿ ಬೇಡಿ ತಂದರು. ಬುಡದಲ್ಲಿ ಎಣ್ಣೆ ಒಸರಿ ಧೂಳು ಅಂಟಿತ್ತಂತೆ. ನಾಲೆಯ ಜಿನುಗಿಗೆ ಮೆತ್ತಗಾಗಿದ್ದ ಮಣ್ಣಿನ ಮೇಲೆಯೇ ಅದನ್ನಿಟ್ಟು, ಕಬ್ಬು ಇಳಿಸದೆ, ಹಾಗೆಯೇ ಎತ್ತಿದರು. ಕಬ್ಬಿಳಿಸಿ ಮತ್ತೆ ಹೇರಲು ಅರ್ಧ ದಿನ ಬೇಕು, ಅಷ್ಟು ಪುರುಸೊತ್ತು ಯಾರಿಗಿತ್ತು? ಗಾಲಿ ಬಿಚ್ಚಿ, ಟ್ರಾಕ್ಟರನ್ನೂ ಕಳಚಿಕೊಂಡು, ಅದರಲ್ಲೇ ಗಾಲಿ ಹಾಕಿಕೊಂಡು ಡ್ರೈವರು ಪೇಟೆಗೆ ಹೋದ. ಟ್ರೇಲರಿನ ಮೂಗಿಗೆ ನಾಲ್ಕು ಕಲ್ಲು ಪೇರಿಸಿದರು. ಬಲಗಾಲಿಗೆ ಒಂದು ಕಲ್ಲನ್ನೂ ಕೊಡಲಿಲ್ಲ. ಅಚ್ಚಿನ ಕೆಳಗೆ ಕೊರಡೂ ಇಲ್ಲ. ಎರಡು ಗಂಟೆ ಕಾಲ ಅಷ್ಟೂ ಕಬ್ಬು ಆ ಜಾಕಿಯ ಮೇಲೆ ಕೂತಿತ್ತು. ಡ್ರೈವರು ಬಂದ. ಚಿಕ್ಕಪ್ಪ ಗಾಲಿ ಕೂರಿಸಲೆಂದು ಬಗ್ಗಿ ತೂತು ಹೊಂದಿಸುತ್ತಿದ್ದರು. ಟ್ರೇಲರು ಒಮ್ಮೆ ತೂಗಿತು, ಜಾಕಿ ವಾಲಿತು, ಅಷ್ಟೇ.

ಈ ವಿವರವನ್ನೆಲ್ಲ ಕಲೆಹಾಕಿದವಳು ನಾನಲ್ಲ, ಚಿಕ್ಕವ್ವ. ಅಜ್ಜಿಯ ಮಾತು ಅವಳನ್ನು ಹತ್ತು ವರ್ಷ ಸುಟ್ಟಿತು. ಮೊದಲ ಮಗು ನಿಲ್ಲದಾಗಲೂ, ಹಸು ಸತ್ತಾಗಲೂ, ಭತ್ತಕ್ಕೆ ರೋಗ ಬಂದಾಗಲೂ ಅದೇ ಕಾಲ್ಗುಣ. ಮನೆಯ ಶುಭಕಾರ್ಯಗಳಲ್ಲಿ ಅವಳನ್ನು ಆರತಿಗೆ ಕರೆಯುತ್ತಿರಲಿಲ್ಲ. ಎದುರು ಮಾತಾಡುವವಳಲ್ಲ ಅವಳು. ಆದರೆ ರಾತ್ರಿ ಚಿಕ್ಕಪ್ಪನ ಕೈಗೆ ಎಣ್ಣೆ ಹಚ್ಚುವಾಗ ಒಂದೊಂದೇ ಪ್ರಶ್ನೆ ಕೇಳಿದಳಂತೆ. "ಜಾಕಿ ಎಲ್ಲಿಗೆ ಕೊಟ್ಟಿದ್ರಿ? ಕೆಳಗೆ ಹಲಗೆ ಇತ್ತಾ? ಆ ಕಡೆ ಗಾಲಿಗೆ ಕಲ್ಲು ಕೊಟ್ಟಿದ್ರಾ?" ಮೊದಮೊದಲು ಚಿಕ್ಕಪ್ಪ ಸಿಡುಕಿದರು. ಆಮೇಲೆ ಉತ್ತರ ಕೊಡತೊಡಗಿದರು. 1988ರಲ್ಲಿ ಸಾಲ ಮಾಡಿ ಹೊಸ ಟ್ರಾಕ್ಟರು ತಂದಾಗ, ಸರ್ವೀಸಿಗೆ ಬಂದ ಮೆಕ್ಯಾನಿಕ್ಕಿಗೆ ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತು ಅವನನ್ನೂ ಕೇಳಿದಳು. ಅವನು ಹೇಳಿದ್ದೂ ಗಂಡ ಹೇಳಿದ್ದೂ ತಾಳೆಯಾಯಿತು.

ಮಾರನೆಯ ವಾರ ಅವಳು ಬಡಗಿಯನ್ನು ಕರೆಸಿದಳು. ಹಿತ್ತಿಲಲ್ಲಿ ಬಿದ್ದಿದ್ದ ಅಜ್ಜನ ಹಳೆಯ ಗಾಡಿಯ ಜಾಲಿಮರದ ತೊಲೆಯನ್ನು ಕೊಯ್ಯಿಸಿ ನಾಲ್ಕು ದಪ್ಪ ಕೊರಡು, ಎರಡು ಇಳಿಜಾರಿನ ತುಂಡು, ಒಂದು ಅಗಲದ ಹಲಗೆ ಮಾಡಿಸಿದಳು. ಗಾಡಿ ಒಡೆಸಿದಳೆಂದು ಅಜ್ಜಿ ರಂಪ ಮಾಡಿದಳು. ಚಿಕ್ಕಪ್ಪ ಮೊದಲ ಸಲ ಬಾಯಿ ಬಿಟ್ಟರು. ಮೊಂಡುಗೈಯನ್ನು ಮುಂದೆ ಚಾಚಿ, "ಅವ್ವ, ಅವತ್ತು ಈ ಮರದ ತುಂಡೊಂದು ಕೆಳಗೆ ಇದ್ದಿದ್ರೆ ನನ್ ಕೈ ಇರ್ತಿತ್ತು. ಮರೆತವ್ನು ನಾನು. ಇನ್ನು ಅವಳ ಸುದ್ದಿ ಎತ್ಬೇಡ" ಎಂದರು. ಅಜ್ಜಿ ಒಳಗೆ ಹೋಗಿ ಮಲಗಿಬಿಟ್ಟಳು. ತಪ್ಪಾಯಿತು ಎಂದು ಅವಳೇನೂ ಹೇಳಲಿಲ್ಲ. ಆದರೆ ಕಾಲ್ಗುಣದ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ.

ಹೋದ ವರ್ಷದ ಕಟಾವಿನಲ್ಲಿ ಊರಿಗೆ ಹೋಗಿದ್ದೆ. ಚಿಕ್ಕವ್ವನ ಮೊಮ್ಮಗ ಕಬ್ಬು ಇಳಿಸಿ ಬರುವಾಗ ಮಳವಳ್ಳಿ ರಸ್ತೆಯಲ್ಲಿ ಟ್ರೇಲರ್ ಪಂಕ್ಚರ್ ಆಯಿತೆಂದು ಫೋನು ಬಂತು. ನಾನೂ ಚಿಕ್ಕವ್ವನೂ ಆಟೋದಲ್ಲಿ ಹೋದೆವು. ಹುಡುಗ ಆಗಲೇ ಕೆಲಸ ಶುರು ಮಾಡಿದ್ದ. ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿದ್ದ. ಹಿಂದುಗಡೆ ದೂರದಲ್ಲಿ ಕೆಂಪು ಹೊಳೆಯುವ ತ್ರಿಕೋನ ಇಟ್ಟಿದ್ದ. ಟ್ರಾಕ್ಟರನ್ನು ಕಳಚಿರಲಿಲ್ಲ. ಎಂಜಿನ್ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಬ್ರೇಕ್ ಬಿಗಿದಿದ್ದ. "ಎರಡು ಗಾಲಿ ಟ್ರೇಲರನ್ನ ಬಿಚ್ಚಿದ್ರೆ ತಕ್ಕಡಿ ಥರ ಆಡ್ತದೆ ಅತ್ತೆ, ಟ್ರಾಕ್ಟರೇ ಅದಕ್ಕೆ ಆಧಾರ" ಎಂದು ನನಗೆ ಪಾಠ ಹೇಳಿದ. ಸರಿಯಿದ್ದ ಗಾಲಿಗೆ ಹಿಂದೂ ಮುಂದೂ ಇಳಿಜಾರಿನ ತುಂಡುಗಳನ್ನು ಒದ್ದು ಕೂರಿಸಿದ.

ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿದ. ಗಾಲಿ ನೆಲದ ಮೇಲಿರುವಾಗಲೇ ಆ ಬಿಗಿ ಬಿಡಿಸಬೇಕು. ಮೇಲೆತ್ತಿದ ಮೇಲೆ ಜಗ್ಗಾಡಿದರೆ ಗಾಲಿಯೂ ತಿರುಗುತ್ತದೆ, ಜಾಕಿಯೂ ಅಲುಗುತ್ತದೆ. ನೆಲದ ಮೇಲೆ ಹಲಗೆ, ಹಲಗೆಯ ಮೇಲೆ ನೆಟ್ಟಗೆ ಜಾಕಿ, ಜಾಕಿಯ ತಲೆ ಅಚ್ಚಿನ ಅಡಿಗೆ, ಗಾಲಿಯ ಹತ್ತಿರ. ತಗಡಿಗೆ ಕೊಟ್ಟರೆ ತಗಡು ಬಗ್ಗುತ್ತದೆ. ಇಟ್ಟಿಗೆಯನ್ನು ನಂಬುವ ಹಾಗೇ ಇಲ್ಲ, ಭಾರಕ್ಕೆ ಫಕ್ಕನೆ ಒಡೆದುಹೋಗುತ್ತದೆ. ಗಾಲಿ ನೆಲ ಬಿಟ್ಟು ಹೊಸ ಟೈರು ಹಿಡಿಸುವಷ್ಟು ಎತ್ತರಕ್ಕೆ ಬಂದೊಡನೆ ನಿಲ್ಲಿಸಿ, ಕೊರಡುಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಅಚ್ಚಿನ ಕೆಳಗೆ ಪೇರಿಸಿ, ಭಾರ ಅವುಗಳ ಮೇಲೆ ಕೂರುವಷ್ಟು ಜಾಕಿಯನ್ನು ಸ್ವಲ್ಪ ಇಳಿಸಿದ. ಕೊರಡನ್ನು ಕೈಯಿಂದ ಒಳಕ್ಕೆ ತಳ್ಳದೆ ಕೋಲಿನಿಂದ ನೂಕಿದ. ಅದನ್ನು ನೋಡಿ ಚಿಕ್ಕವ್ವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಸ್ಟೆಪ್ನಿ ಹಾಕಿ ನಟ್ಟುಗಳನ್ನು ಎದುರುಬದುರಾಗಿ ಬಿಗಿದ. ರಂಗೋಲಿಯ ಚುಕ್ಕಿ ಸೇರಿಸುವಂತೆ ಇಲ್ಲೊಂದು, ಅದರ ಎದುರಿನದೊಂದು. ಸುತ್ತಲೂ ಸಾಲಾಗಿ ಬಿಗಿದರೆ ಗಾಲಿ ಸೊಟ್ಟ ಕೂರುತ್ತದಂತೆ. ಮತ್ತೆ ಜಾಕಿ ಎತ್ತಿ, ಕೊರಡು ತೆಗೆದು, ಗಾಲಿ ನೆಲಕ್ಕಿಳಿದ ಮೇಲೆ ಪೂರ್ತಿ ಬಲ ಹಾಕಿ ಬಿಗಿದ. ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ನೋಡಬೇಕು ಎಂದ.

ಹೊರಡುವಾಗ ಚಿಕ್ಕವ್ವ ಆಟೋ ಹತ್ತದೆ ರಸ್ತೆಯಲ್ಲೇ ನಿಂತಳು. ನಮಗಿಂತ ಮೊದಲು ಯಾವನೋ ಲಾರಿಯವನು ಗಾಲಿಗೆ ಕೊಟ್ಟು, ಹಾಗೇ ಬಿಟ್ಟುಹೋದ ಎರಡು ದಪ್ಪ ಕಲ್ಲು ರಸ್ತೆಯ ಅಂಚಿನಲ್ಲಿ ಬಿದ್ದಿದ್ದವು. ಕತ್ತಲಲ್ಲಿ ಸ್ಕೂಟರಿನವರು ಬಂದು ಗುದ್ದಿದರೆ ಏನು ಗತಿ? ಅರವತ್ತು ದಾಟಿದ ಅವಳು ಸೆರಗು ಸಿಕ್ಕಿಸಿಕೊಂಡು ಒಂದು ಕಲ್ಲನ್ನು ಉರುಳಿಸಿಕೊಂಡು ಹೋಗಿ ಚರಂಡಿಯ ಆಚೆಗೆ ದಬ್ಬಿದಳು. ಇನ್ನೊಂದನ್ನು ನಾನು ಉರುಳಿಸಿದೆ.

"ಇದನ್ನ ಯಾರು ಇಟ್ರೋ, ಯಾರ ಮನೆ ಸೊಸೆ ಅನ್ನಿಸ್ಕೋಬೇಕಿತ್ತೋ" ಎಂದು ಕೈ ಕೊಡವಿಕೊಂಡಳು.

ಆಟೋದಲ್ಲಿ ಕೂತ ಮೇಲೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಮುಂದೆ ಟ್ರೇಲರು ಖಾಲಿಯಾಗಿ ಗಡಗಡ ಸದ್ದು ಮಾಡುತ್ತ ಹೋಗುತ್ತಿತ್ತು. ಅದರೊಳಗೆ ನಮ್ಮಜ್ಜನ ಗಾಡಿಯ ತುಂಡುಗಳು ಅತ್ತಿಂದಿತ್ತ ಉರುಳುತ್ತಿದ್ದವು. ಚಿಕ್ಕವ್ವ ಆ ಸದ್ದು ಕೇಳುತ್ತ ಕೂತಿದ್ದಳು.